ಉಡಿಯಲ್ಲಿಟ್ಟ ಕಲ್ಲು

ಅವಳನ್ನು ಮಣ್ಣು ಮಾಡಿ ಬಂದ ದಿನ, ನಾವಿನ್ನೂ ಕಾಲು ತೊಳೆದುಕೊಳ್ಳುತ್ತಿದ್ದೆವು. ಅಷ್ಟರಲ್ಲಿ ಓಣಿಯ ಹಿರಿಯಾಕೆಯೊಬ್ಬಳು ಕಟ್ಟೆಯ ಮೇಲೆ ಕೂತು ತೀರ್ಪು ಕೊಟ್ಟುಬಿಟ್ಟಳು: "ಬಂಗಾರದಂಥ ಹೆಣ್ಣುಮಗಳು ಬಿಡ್ರಿ. ಆದ್ರ ಹಟಮಾರಿ. ಡಾಕ್ಟರು ಕೂಸು ಆಗತೈತಿ ಅಂದ್ರೂ ಒಲ್ಲೆ ಅಂದ್ಲು. ಆಕಿ ಹಟಕ್ಕ ಒಂದು ಮನಿತನಾನ ಮುಗೀತು."

ಸುತ್ತಲಿದ್ದ ನಾಲ್ಕಾರು ತಲೆಗಳು ಹೌದು ಹೌದೆಂದು ಆಡಿದವು. ಅವಳ ಗಂಡ ಅಲ್ಲೇ ಬಾಗಿಲ ಪಕ್ಕ ಚಾಪೆಯ ಮೇಲೆ ಕೂತಿದ್ದ. ಅವನಿಗೂ ಕೇಳಿಸಿತು. ತಲೆ ತಗ್ಗಿಸಿದ. ಮಂದಿ ಅದನ್ನು ದುಃಖ ಅಂದುಕೊಂಡರು. ನನಗೆ ಮೈಯೆಲ್ಲ ಉರಿದುಹೋಯಿತು. ಸಾವಿನ ಮನೆಯಲ್ಲಿ ಜಗಳ ತೆಗೆಯಬಾರದೆಂದು ತುಟಿ ಕಚ್ಚಿಕೊಂಡು ಮನೆಗೆ ಬಂದೆ. ಅವತ್ತು ನುಂಗಿಕೊಂಡದ್ದನ್ನು ಈಗ ಬರೆಯುತ್ತಿದ್ದೇನೆ. ಬರೆಯಿರಿ ಅಂತ ಅವಳ ಮಗಳೇ ಹೇಳಿದ್ದಾಳೆ.

ಅವಳ ಹೆಸರು ಬರೆಯುವುದಿಲ್ಲ. ಹೆಂಗಸಿನ ಹೆಸರು ಬರೆದರೆ ಹಿಂದೆಯೇ ಗಂಡನ ಹೆಸರೂ ಬರುತ್ತದೆ. ಅವನ ಹೆಸರು ಅಚ್ಚಾಗುವುದು ನನಗೆ ಬೇಕಿಲ್ಲ. ಅವನನ್ನು 'ಅವರು' ಅನ್ನಬೇಕಿತ್ತು, ವಯಸ್ಸಿನಲ್ಲಿ ದೊಡ್ಡವನು. ಕೈ ಬರುತ್ತಿಲ್ಲ.

ಕೊಟ್ಟೂರಿನಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಗೋಡೆ ಮಾತ್ರ. ನಾನು ಸರ್ಕಾರಿ ಶಾಲೆಯ ಅಕ್ಕೋರು, ಅವಳು ಓಣಿಗೆಲ್ಲ ಜಂಪರು ಹೊಲಿಯುವಾಕೆ. ಗಂಡನದು ಬಜಾರದಲ್ಲಿ ಕಿರಾಣಿ ಅಂಗಡಿ. ಮನೆಯ ಪಡಸಾಲೆಯಲ್ಲಿ ಕಿಟಕಿಗೆ ಮುಖ ಮಾಡಿ ಅವಳ ಮಿಷನ್ನು. ಮಾತಾಡುವಾಗ ತುಟಿಗಳ ನಡುವೆ ಎರಡು ಗುಂಡುಪಿನ್ನು ಯಾವಾಗಲೂ ಇರುತ್ತಿದ್ದವು. ಪಿನ್ನು ಇದ್ದಷ್ಟು ಹೊತ್ತು ಅವಳ ಮಾತು ತಮಾಷೆಯದು. ಪಿನ್ನುಗಳನ್ನು ತೆಗೆದು ಸೆರಗಿಗೆ ಸಿಕ್ಕಿಸಿಕೊಂಡಳು ಅಂದರೆ ಎದುರಿಗಿದ್ದವರು ಹುಷಾರಾಗಬೇಕು. ನಮ್ಮ ಓಣಿಯ ಹೆಂಗಸರಿಗೆ ಇದು ಚೆನ್ನಾಗಿ ಗೊತ್ತಿತ್ತು.

ಮದುವೆಯಾದ ಎರಡನೆಯ ವರ್ಷ ಮಗಳು ಹುಟ್ಟಿದಳು. ಆ ಮಗಳ ಬೆನ್ನಿಗೆ ಇನ್ನೊಂದು ಬೀಳಲಿಲ್ಲ. ಮಗಳು ಶಾಲೆಗೆ ಬಂದಳು, ಒಂದನೆಯ ಇಯತ್ತೆ ದಾಟಿದಳು, ಎರಡು ದಾಟಿದಳು. ಅಷ್ಟರಲ್ಲಿ ಊರಿಗೆ ಊರೇ ಅವಳ ಹೊಟ್ಟೆಯ ಉಸ್ತುವಾರಿ ವಹಿಸಿಕೊಂಡಿತ್ತು. ಜಂಪರಿನ ಅಳತೆ ಕೊಡಲು ಬಂದವರು ತೋಳೆತ್ತಿ ನಿಂತುಕೊಂಡೇ ಕೇಳುವರು: "ಇನ್ನೊಂದು ಆಗ್ಲಿಲ್ಲೇನು?" ಸಂತೆಯಲ್ಲಿ ಬದನೆಕಾಯಿ ಆರಿಸುತ್ತಿದ್ದವರೂ ಕೇಳುವರು. ಮೊದಲಿಗೆ ನಕ್ಕು ಸುಮ್ಮನಾಗುತ್ತಿದ್ದಳು.

ನಮ್ಮ ಕಡೆ ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ, ಹಸಿರು ಖಣದ ಕುಬಸ ತೊಡಿಸುತ್ತಾರೆ. ಆ ಶಾಸ್ತ್ರಕ್ಕೇ ಕುಬಸ ಅನ್ನುತ್ತಾರೆ. ಓಣಿಯ ಹುಡುಗಿಯರ ಆ ಕುಬಸಗಳನ್ನೆಲ್ಲ ಅವಳೇ ಹೊಲಿಯುತ್ತಿದ್ದಳು, ಬಸುರು ಬೆಳೆದಂತೆ ಬಿಚ್ಚಲು ಬರುವ ಹಾಗೆ ಒಳಗೆ ಬಟ್ಟೆ ಬಿಟ್ಟು. ಒಂದು ದಿನ ಹಿಂದಿನ ಸಾಲಿನ ಮನೆಯಾಕೆ ಬಂದು, ಕೊಟ್ಟಿದ್ದ ಹಸಿರು ಖಣ ವಾಪಸು ಕೇಳಿದಳು. ನಾನೂ ಅಲ್ಲೇ ಕೂತಿದ್ದೆ.

"ಯಾಕ್ರಿ, ಹೊಲಿಗಿ ಪಸಂದ ಬೀಳ್ಲಿಲ್ಲೇನು?"

"ಹಂಗಲ್ಲವಾ. ಮಕ್ಕಳ ತಾಯಿ ಕೈಲೆ ಹೊಲಿಸಬೇಕಂತ ನಮ್ಮತ್ತಿ ಅಂತಾರ."

"ನನಗೊಬ್ಬಾಕಿ ಅದಾಳಲ್ರಿ."

"ಹಿರೇರು ಹೇಳ್ಯಾರಲ್ಲವಾ, ಒಂದು ಕಣ್ಣು ಕಣ್ಣಲ್ಲ, ಒಂದು ಕೂಸು ಕೂಸಲ್ಲ ಅಂತ."

ಅವಳು ಪಿನ್ನುಗಳನ್ನು ತೆಗೆದು ಸೆರಗಿಗೆ ಸಿಕ್ಕಿಸಿದಳು. ಸೂಜಿ ಹಿಡಿದು, ಎಡಗಣ್ಣು ಗಟ್ಟಿಯಾಗಿ ಮುಚ್ಚಿ, ಒಂದೇ ಏಟಿಗೆ ದಾರ ಪೋಣಿಸಿದಳು. ಅದನ್ನು ಆ ಹೆಂಗಸಿನ ಮೂಗಿನ ಎದುರಿಗೆ ಹಿಡಿದು, "ನೋಡ್ರಿ, ಒಂದಾ ಕಣ್ಣು ಸಾಕಾತು" ಅಂದಳು. ಖಣ ಮಡಚಿ ಕೊಟ್ಟು ಕಳಿಸಿದಳು. ಹೆಂಗಸು ಓಣಿ ತಿರುಗಿದ ಮೇಲೆ ಮಿಷನ್ನಿನ ಮೇಲೆ ತಲೆಯಿಟ್ಟು ಬಹಳ ಹೊತ್ತು ಹಾಗೇ ಇದ್ದಳು.

ಆಮೇಲೆ ಅವಳು ನನಗೆ ಹೇಳಿದ ಮಾತು ಇದು: "ಅಕ್ಕೋರ, ಮಂದಿ ಅಂತಾರಂತಲ್ಲ, ನನಗಾ ಇನ್ನೊಂದು ಕೂಸು ಬೇಕ್ರಿ. ಗಂಡಾಗ್ಲಿ ಹೆಣ್ಣಾಗ್ಲಿ. ಕೂಸಿನ ನೆತ್ತಿ ವಾಸನಿ ಮೂಸಬೇಕನಸತೈತಿ." ಹಟಮಾರಿ ಅಂದವರು ಈ ಸಾಲನ್ನು ಎರಡು ಸಲ ಓದಬೇಕು.

ಅದಕ್ಕಾಗಿ ಅವಳು ಏನೇನು ಮಾಡಲಿಲ್ಲ? ಹೊಳಲಿನ ಆಚೆಯ ಹಳ್ಳಿಯೊಂದರಲ್ಲಿ ನಾಟಿ ಔಷಧಿ ಕೊಡುವವನ ಹತ್ತಿರ ಹೋಗಿ, ಖಾಲಿ ಹೊಟ್ಟೆಯಲ್ಲಿ ಅದೆಂಥದೋ ಕಹಿ ಕುಡಿದು ದಾರಿಯುದ್ದಕ್ಕೂ ವಾಂತಿ ಮಾಡಿಕೊಂಡು ಬಂದಳು. ನೀಲಗುಂದದ ಗುಡಿಗೆ ಹರಕೆ ಹೊತ್ತು ಒದ್ದೆ ಸೀರೆಯಲ್ಲಿ ಸುತ್ತು ಹಾಕಿದಳು, ಜ್ವರ ಬಂದು ಮಲಗಿದಳು. ಯಾರೋ ಹೇಳಿದರೆಂದು ಗರ್ಭಚೀಲ ತೊಳೆಸಿಕೊಂಡಳು. ಒಂದು ಸಲ ಅಲ್ಲ, ಎರಡು ಸಲ. ಎಲ್ಲ ಕಡೆಗೂ ಅತ್ತೆ ಜೊತೆಯಲ್ಲಿ ಹೋಗುತ್ತಿದ್ದಳು. ಗಂಡನೂ ಹೋಗುತ್ತಿದ್ದ, ಇಲ್ಲವೆನ್ನಬಾರದು. ಒಳಗೆ ಇವಳು ಹಲ್ಲು ಕಚ್ಚಿ ಮಲಗಿರುವಾಗ ಅವನು ಹೊರಗೆ ಬಂಡಿಯ ಹತ್ತಿರ ನಿಂತು ಮಂಡಕ್ಕಿ ಮಿರ್ಚಿ ತಿನ್ನುತ್ತಿದ್ದ.

ಕೊನೆಗೆ ನಾನೇ ಅವಳನ್ನು ದಾವಣಗೆರೆಯ ಒಬ್ಬ ಲೇಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಆಕೆ ಇವಳನ್ನು ಪೂರ್ತಿ ಪರೀಕ್ಷೆ ಮಾಡಿ, ಕನ್ನಡಕ ತೆಗೆದಿಟ್ಟು, "ನಿನ್ನಲ್ಲಿ ನನಗೇನೂ ತೊಂದರೆ ಕಾಣಲಿಲ್ಲಮ್ಮ. ನಿನ್ನ ಯಜಮಾನರ ಪರೀಕ್ಷೆ ಆಗಿದೆಯಾ?" ಅಂದರು. ಇವಳು ನನ್ನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

ಮನೆಗೆ ಬಂದು ಹೇಳಿದಳು. ಅವನು ಹೌಹಾರಿದ. ಗೋಡೆಯ ಈಚೆಗೆ ನನಗೂ ಕೇಳಿಸುವಂತೆ ಕೂಗಿದ: "ನನಗೇನಾಗೈತಿ ಪರೀಕ್ಷೆ ಮಾಡಿಸಾಕ? ಮಗಳು ಯಾರಿಗೆ ಹುಟ್ಯಾಳ ಹಂಗಾದ್ರ?"

ಎಂಥ ಮಾತು ನೋಡಿ. ಬಂಜೆಯೆನಿಸಿಕೊಂಡವಳ ಗಂಡನಿಗೆ ಈ ಅನುಕೂಲ ಇರುವುದಿಲ್ಲ. ಒಂದು ಕೂಸು ಹುಟ್ಟಿ ನಿಂತುಹೋದರೆ ಆ ಕೂಸೇ ಗಂಡಿಗೆ ಸರ್ಟಿಫಿಕೇಟು. ಅದೇ ಕೂಸು ತಾಯಿಗೆ ಮಾತ್ರ ಲೆಕ್ಕಕ್ಕಿಲ್ಲ, ಒಂದು ಕಣ್ಣು ಕಣ್ಣಲ್ಲ. ಒಬ್ಬಳೇ ಮಗಳು ಅಪ್ಪನ ಪಾಲಿಗೆ ಸಾಕ್ಷಿ, ಅವ್ವನ ಪಾಲಿಗೆ ಕೊರತೆ. ಈ ನ್ಯಾಯವನ್ನು ಯಾವ ಪಂಚರು ಬರೆದರೋ ನನಗೆ ಗೊತ್ತಿಲ್ಲ, ನಮ್ಮ ಸುತ್ತಲಿನ ತಾಲ್ಲೂಕುಗಳಲ್ಲೆಲ್ಲ ಇದೇ ನಡೆಯುತ್ತದೆ. ಅವಳು ಮಾರನೆಯ ದಿನ ಮಿಷನ್ನು ತುಳಿಯುತ್ತ ಅಂದಳು: "ಒಬ್ರ ಅಳತಿ ತಗೊಂಡು ಇಬ್ರಿಗೆ ಹೊಲಿಯಾಕ ಬರತೈತೇನ್ರಿ ಅಕ್ಕೋರ?"

ಇನ್ನು ಆ ಕಲ್ಲಿನ ವಿಷಯ. ನಮ್ಮಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ, ಮೊದಲು ರುಬ್ಬುವ ಗುಂಡುಕಲ್ಲನ್ನು ತೊಳೆದು, ವಿಭೂತಿ ಹಚ್ಚಿ, ಕುಂಚಿಗೆ ಕಟ್ಟಿ, ಕೂಸಿನ ಹಾಗೆ ಸಿಂಗರಿಸುತ್ತಾರೆ. ಅದಕ್ಕೆ ಗುಂಡಪ್ಪ ಅಂತ ಹೆಸರು. ಗುಂಡಪ್ಪನನ್ನು ತೊಟ್ಟಿಲ ಮೇಲಿಂದ ಕೆಳಗಿಂದ ದಾಟಿಸಿದ ಮೇಲೆ, ಕೂಸು ಬೇಡುವ ಹೆಣ್ಣಿನ ಉಡಿಗೆ ಹಾಕುವುದು ನಮ್ಮ ಓಣಿಯ ಪದ್ಧತಿ. ಹೊಸದಾಗಿ ಮದುವೆಯಾದವಳಿಗೆ ಇದು ನಗೆಚಾಟಿಕೆ. ಇವಳಿಗೆ ವರ್ಷ ವರ್ಷವೂ, ಯಾರ ಮನೆಯ ತೊಟ್ಟಿಲಾದರೂ, ಅದೇ ಕಲ್ಲು. ಹಾಕುವಾಕೆ ಇವಳ ಅತ್ತೆ. ಎಲ್ಲರೆದುರು ಸೊಸೆಯ ಸೆರಗು ಬಿಡಿಸಿ, "ತಗೋ, ಇದಾದ್ರೂ ನಿನ್ನ ಉಡಿಯಾಗ ನಿಲ್ಲಲಿ" ಅಂತ ಹಾಕುತ್ತಿದ್ದಳು. ಇವಳು ಅದನ್ನು ತೊಡೆಯ ಮೇಲಿಟ್ಟುಕೊಂಡು, ಮಂದಿಯ ಹಾಡು ಮುಗಿಯುವವರೆಗೆ ನೆಲ ನೋಡುತ್ತ ಕೂತಿರುತ್ತಿದ್ದಳು.

ದಾವಣಗೆರೆಯಿಂದ ಬಂದ ಕೆಲವು ವಾರಕ್ಕೆ ಎದುರುಮನೆಯಲ್ಲಿ ತೊಟ್ಟಿಲು. ಎಂದಿನಂತೆ ಅತ್ತೆ ಕಲ್ಲು ತಂದು ಹಾಕಿದಳು. ಇವಳು ನೆಲ ನೋಡಲಿಲ್ಲ. ಎದ್ದಳು. ಕುಂಚಿಗೆ ಕಟ್ಟಿದ ಗುಂಡಪ್ಪನನ್ನು ಎರಡೂ ಕೈಯಲ್ಲಿ ಹೊತ್ತು, ಹೆಂಗಸರ ನಡುವಿನಿಂದ ದಾಟಿ ಅಂಗಳಕ್ಕೆ ನಡೆದಳು. ಅಲ್ಲಿ ಚಪ್ಪರದ ಕೆಳಗೆ ಗಂಡಸರು ಊಟಕ್ಕೆ ಕಾಯುತ್ತ ಕುರ್ಚಿಗಳಲ್ಲಿ ಕೂತಿದ್ದರು. ಸೀದಾ ಗಂಡನ ಹತ್ತಿರ ಹೋಗಿ ಕಲ್ಲನ್ನು ಅವನ ತೊಡೆಯ ಮೇಲಿಟ್ಟಳು.

"ಇದನ್ನ ನೀವೊಂದಿಷ್ಟು ಹೊತ್ತು ಹಿಡ್ಕೊಳ್ರಿ" ಅಂದಳು. ದನಿ ಏರಿರಲಿಲ್ಲ. "ನನ್ನ ಪರೀಕ್ಷೆ ಎಲ್ಲಾ ಮುಗಿದಾವು. ಇನ್ನ ನಿಮ್ಮದೊಂದು ಬಾಕಿ ಐತಿ."

ಒಬ್ಬಿಬ್ಬರು ತಮಾಷೆಯೆಂದು ನಕ್ಕರು. ಆಮೇಲೆ ಯಾರೂ ನಗಲಿಲ್ಲ. ಅವನು ಕಲ್ಲನ್ನು ಕುರ್ಚಿಯ ಮೇಲೆ ಬಿಟ್ಟು ಊಟ ಮಾಡದೆ ಹೋದ. ಗಂಡನ ಮರ್ಯಾದೆ ಬೀದಿಗೆ ಹಾಕಿದಳೆಂದು ಓಣಿ ವಾರಗಟ್ಟಲೆ ಮಾತಾಡಿತು. ಇಷ್ಟು ವರ್ಷ ಅವಳ ಮರ್ಯಾದೆಯನ್ನು ಬೀದಿಯಲ್ಲೇ ಒಣಹಾಕಿದ್ದವರಿಗೆ ಅದು ಕಂಡಿರಲಿಲ್ಲ. ಅತ್ತೆ ಮಾತ್ರ ಏನೂ ಅನ್ನಲಿಲ್ಲ. ಎಲ್ಲದಕ್ಕೂ ಮೊದಲು ಬಾಯಿ ತೆಗೆಯುವ ಹೆಂಗಸು ಅವತ್ತು ಯಾಕೆ ಸುಮ್ಮನಾದಳೆಂದು ಆಗ ನನಗೆ ಹೊಳೆಯಲಿಲ್ಲ.

ಆ ಅವಮಾನಕ್ಕೆ ಅವನು ದಾವಣಗೆರೆಗೆ ಹೋದ. ತನ್ನಲ್ಲಿ ಏನೂ ಇಲ್ಲವೆಂದು ತೋರಿಸಿ ಹೆಂಡತಿಯ ಬಾಯಿ ಮುಚ್ಚಿಸಲಿಕ್ಕೆ. ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಹೇಳಿದರಂತೆ: ತೊಂದರೆ ಇವರಲ್ಲಿದೆ, ತಾನಾಗಿ ಕೂಸು ನಿಲ್ಲುವುದು ಕಷ್ಟ. ಮಗಳು ಹುಟ್ಟಿದ ಮೇಲೆ ದೊಡ್ಡ ಜ್ವರವೇನಾದರೂ ಬಂದಿತ್ತೇ ಎಂದು ಕೇಳಿದರಂತೆ. ಅವನು ಇಲ್ಲವೆಂದ. ಇವಳೇ ನೆನಪಿಸಿದಳು: ಮಗಳು ಅಂಬೆಗಾಲಿಡುವಾಗ ಅವನಿಗೆ ಮಂಗನಬಾವು ಬಂದಿತ್ತು. ಗದ್ದವೆಲ್ಲ ಬಾತು, ಆಮೇಲೆ ಬಾವು ಕೆಳಗಿಳಿದು ಎದ್ದು ನಡೆಯಲಾರದೆ ಮಲಗಿದ್ದ. ಕೂಸಿಗೆ ಅಂಟೀತೆಂದು ಇವಳನ್ನು ಕೋಣೆಯೊಳಗೆ ಬಿಡದೆ ಅತ್ತೆಯೇ ಆರೈಕೆ ಮಾಡಿದ್ದಳು. ಅದರಿಂದಲೇ ಆಗಿರಬಹುದು ಅಂದರಂತೆ ಡಾಕ್ಟರು. ದಾರಿಯನ್ನೂ ಹೇಳಿದರು. ಬೆಂಗಳೂರಿನಲ್ಲಿ ಹೊಸ ಟ್ರೀಟ್‌ಮೆಂಟು ಬಂದಿದೆ, ಹೆಂಡತಿಗೆ ದಿನಾ ಇಂಜೆಕ್ಷನ್ನು, ಮೈಯಿಂದ ಅಂಡ ತೆಗೆದು, ಹೊರಗೆ ಕೂಡಿಸಿ, ತಿರುಗಿ ಒಳಗಿಡುವುದು. ಆದರೆ ಆಯಿತು, ಇಲ್ಲವೆಂದರೆ ಇಲ್ಲ. ವಯಸ್ಸು ಜಾರುವ ಮೊದಲು ಯೋಚಿಸಿ ಅಂದರು.

ಕೊರತೆ ಅವನದು, ಸೂಜಿ ಇವಳಿಗೆ. ಇದನ್ನು ಅವಳು ನನಗೆ ಹೇಳುವಾಗ ಪಿನ್ನು ತುಟಿಯಲ್ಲೇ ಇದ್ದವು. ಸಿಟ್ಟಿರಲಿಲ್ಲ. ಒಂದು ಥರ ಹಗುರವಾಗಿದ್ದಳು. ಸೂಜಿಗೆ ಹೆದರುವವಳೂ ಅಲ್ಲ, ದಿನವಿಡೀ ಸೂಜಿಯ ಜೊತೆಗೇ ಇರುವವಳು.

"ಹೋಗ್ತೀನ್ರಿ ಅಕ್ಕೋರ. ಬೆಂಗಳೂರಿಗೆ ಹೋಗ್ತೀನಿ. ಆದ್ರ ಒಂದು ಮಾತು ಕೇಳೀನಿ ಅವರ್ನ. ನಿಮ್ಮವ್ವನ ಮುಂದ ಹೇಳ್ರಿ, ಕೊರತಿ ನನ್ನದು, ಆಕಿದಲ್ಲ ಅಂತ. ಅಷ್ಟಾ."

"ಏನಂದ?"

"ಅದೊಂದು ಬಿಟ್ಟು ಏನಾದ್ರೂ ಕೇಳು ಅಂದ್ರು. ನಿನಗಾ ಟ್ರೀಟ್‌ಮೆಂಟು ಅಂತ ಹೇಳೋಣು, ಅವ್ವಗ ಗೊತ್ತಾದ್ರ ಎದಿ ಒಡದು ಸಾಯ್ತಾಳ ಅಂದ್ರು."

ನಾನು ಅವಳೊಂದಿಗೆ ವಾದ ಮಾಡಿದೆ. ಅವರು ಏನಾದರೂ ಅಂದುಕೊಳ್ಳಲಿ, ನಿನಗೆ ಕೂಸು ಬೇಕು ತಾನೇ, ಹೋಗಿ ಬಾ ಅಂದೆ. ಕೂಸು ಕೈಗೆ ಬಂದ ಮೇಲೆ ಈ ಮಾತೆಲ್ಲ ಯಾರಿಗೆ ನೆನಪಿರುತ್ತದೆ ಅಂದೆ. ಅವಳು ತುಳಿಯುವುದನ್ನು ನಿಲ್ಲಿಸಿದಳು. ಪಿನ್ನು ಸೆರಗಿಗೆ ಹೋದವು.

"ಆಗ್ಲಿಲ್ಲ ಅಂದ್ರ? ಆವಾಗ ಏನಂತಾರ? ಬೆಂಗಳೂರಿಗೆ ಹೋಗಿ ಬಂದ್ರೂ ಆಕಿ ಹೊಟ್ಟಿಯಾಗ ನಿಲ್ಲಲಿಲ್ಲ ಅಂತಾರ. ಆದ್ರ? ಆಕಿ ರೋಗ ವಾಸಿ ಆತು ಅಂತಾರ. ಇಲ್ಲದ ರೋಗ. ಎಂಟೊಂಬತ್ತು ವರ್ಷ ಹೊತ್ತೀನ್ರಿ ಅದನ್ನ. ಇನ್ನ ಮೈಯಾಗ ಸೂಜಿ ಚುಚ್ಚಿಕೊಂಡು ಅದಾ ಸುಳ್ಳಿಗೆ ನಾನಾ ಹೊಲಿಗಿ ಹಾಕ್ಲೇನು? ಆತನಿಗೆ ಒಂದು ಮಾತು ಆಡಾಕ ಆಗಂಗಿಲ್ಲ. ನನ್ನ ಮೈ ಮಾತ್ರ ಎಲ್ಲಾ ತಡಕೋಬೇಕು."

ಆಮೇಲೂ ಅವಳು ದಾರಿ ಮುಚ್ಚಲಿಲ್ಲ, ಕಾದಳು. ಹಬ್ಬಕ್ಕೆ ಹೇಳಿಯಾನು, ತನ್ನ ಮನೆದೇವರ ಎದುರಾದರೂ ಹೇಳಿಯಾನು ಅಂತ ಕಾದಳು. ಬ್ಯಾಗು ತೊಗೊಂಡು ಹೊರಡಲು ಅವಳಿಗೆ ಆ ಒಂದು ಸಾಲು ಸಾಕಿತ್ತು. ಅವನು ಹೇಳಿದ್ದು ಬೇರೆ. "ಡಾಕ್ಟರು ಟ್ರೀಟ್‌ಮೆಂಟು ಐತಿ ಅಂದಾರ, ಆಕಿನಾ ಒಲ್ಲೆ ಅಂತಾಳ" ಅಂತ ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಯ ಮುಂದೆ ಹೇಳಿದ. ಇದರಲ್ಲಿ ಸುಳ್ಳು ಒಂದಕ್ಷರವೂ ಇಲ್ಲ. ಅದಕ್ಕೇ ನನಗೆ ಅದು ಸುಳ್ಳಿಗಿಂತ ಹೇಸಿಗೆಯಾಗಿ ಕಾಣುತ್ತದೆ.

"ನೀನಾದರೂ ಬಾಯಿಬಿಟ್ಟು ಹೇಳು" ಅಂತ ಎಷ್ಟೋ ಸಲ ಗದರಿದೆ. "ಅವರು ಹೇಳಿದ್ರ ಅದು ಮಾತು ಅಕ್ಕೋರ. ನಾನು ಹೇಳಿದ್ರ ಚಾಡಿ" ಅಂದಳು. ಯಾರಿಗೂ ಹೇಳಬಾರದೆಂದು ನನ್ನಿಂದಲೂ ಆಣೆ ಮಾಡಿಸಿಕೊಂಡಳು. ಕಾಯುತ್ತ ಕಾಯುತ್ತ ಡಾಕ್ಟರು ಹೇಳಿದ್ದ ವಯಸ್ಸು ಜಾರಿತು. ಒಂದು ದಿನ ಅವಳೇ, "ಇನ್ನ ಸಾಕು ಬಿಡ್ರಿ, ಹೊತ್ತು ಮುಗೀತು" ಅಂದು ಬೇರೆ ಮಾತು ತೆಗೆದಳು.

ಮಗಳನ್ನು ಹರಪನಹಳ್ಳಿಗೆ ಕೊಟ್ಟರು. ಪಂಚಮಿ ಹಬ್ಬಕ್ಕೆ ಹೆಣ್ಣುಮಕ್ಕಳನ್ನು ಅಣ್ಣನೋ ತಮ್ಮನೋ ಹೋಗಿ ತವರಿಗೆ ಕರೆತರಬೇಕು. ಈ ಹುಡುಗಿಗೆ ಕರೆಯಲು ಬರುವವರಿಲ್ಲವೆಂದು ಅಲ್ಲಿಯ ನೆಗೆಣ್ಣಿಯರು ಆಡಿಕೊಂಡರಂತೆ. ಅವ್ವನೇ ಹೋದಳು. ಉಂಡಿಯ ಡಬ್ಬಿ ಹಿಡಿದು, ಹಡಗಲಿ ಮಲ್ಲಿಗೆ ಮುಡಿದು, ಬಸ್ಸು ಹತ್ತಿದಳು. "ಅಣ್ಣಾನೂ ನಾನಾ, ತಮ್ಮಾನೂ ನಾನಾ" ಅಂತ ನಗುತ್ತ ಹೋದವಳು ಮಗಳೊಂದಿಗೆ ವಾಪಸು ಬರುವಾಗ ನಗುತ್ತಿರಲಿಲ್ಲ. ಬಸ್ಸಿನಲ್ಲಿ ಮಗಳು ಅಂದಿದ್ದಳಂತೆ: "ನೀ ಒಂದು ಸಲ ಮನಸ್ಸು ಮಾಡಿದ್ರ ನನಗೊಬ್ಬ ತಮ್ಮ ಇರ್ತಿದ್ದ. ಅಪ್ಪ ಹೇಳ್ಯಾನ ನನಗ."

ಮಗಳಿಗೂ ಅದನ್ನೇ ಹೇಳಿದ್ದ! ಅವತ್ತು ನಾನು ಆಣೆಯನ್ನೆಲ್ಲ ಗಾಳಿಗೆ ತೂರಿ ಎದ್ದಿದ್ದೆ. ಅವಳು ನನ್ನ ಕೈ ಹಿಡಿದು ಕೂರಿಸಿದಳು. "ಬ್ಯಾಡ್ರಿ. ತವರಿಗೆ ಬಂದ ಮಗಳಿಗೆ ಅಪ್ಪ ಸಣ್ಣಾವ ಆಗಬಾರ್ದು." ಹೀಗೆ ಯೋಚಿಸುವವಳನ್ನು ಊರು ಹಟಮಾರಿ ಅಂದಿತು. ಆಮೇಲೂ ಪ್ರತಿ ಪಂಚಮಿಗೆ ಅವಳೇ ಹೋಗಿ ಕರೆತರುತ್ತಿದ್ದಳು.

ಎದೆನೋವೆಂದು ಒಂದು ಮಧ್ಯಾಹ್ನ ಮಿಷನ್ನು ಬಿಟ್ಟೆದ್ದು ಮಲಗಿದವಳು ಮತ್ತೆ ಏಳಲಿಲ್ಲ. ಮುತ್ತೈದೆ ಸಾವೆಂದು ಹೆಂಗಸರು ಅವಳಿಗೆ ಕೊನೆಯ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ, ಖಣ. ಕಲ್ಲೊಂದನ್ನು ಹಾಕಲಿಲ್ಲ, ಅಷ್ಟು ದಯೆ ತೋರಿಸಿದರು.

ದಿನಕರ್ಮ ಮುಗಿದ ಮೇಲೆ ಅವನು ನಮ್ಮ ಬಾಗಿಲಿಗೆ ಬಂದ. ಹೆಂಡತಿಯ ವಿಷಯ ನಾಲ್ಕು ಮಾತಾಡಿ ಅಳುತ್ತಾನೇನೋ ಎಂದು ಕುರ್ಚಿ ಹಾಕಿದೆ. ಅವನು ಕೂರಲಿಲ್ಲ. ಆಚೀಚೆ ನೋಡಿ, ದನಿ ಇಳಿಸಿ ಕೇಳಿದ: "ಅಕ್ಕೋರ, ಆಕಿ ನಿಮ್ಮ ಮುಂದ ಏನಾದ್ರೂ ಹೇಳಿದ್ಲೇನ್ರಿ?"

ಅವನಿಗೆ ಬೇಕಾಗಿದ್ದದ್ದು ಅದು.

"ಎಲ್ಲಾ ಹೇಳ್ಯಾಳ್ರಿ" ಅಂದೆ. "ಮಂದಿಗೆ ನಾನು ಹೇಳಂಗಿಲ್ಲ. ಆದ್ರ ಪಂಚಮಿಗೆ ಮಗಳನ್ನ ಕರಿಯಾಕ ಈ ಸಲ ನೀವು ಹೋಗ್ರಿ. ಹೋಗಿ ಆಕಿಗೆ ಹೇಳ್ರಿ. ನೀವು ಹೇಳ್ಲಿಲ್ಲ ಅಂದ್ರ ನಾನು ಹೇಳ್ತೀನಿ."

ಹೋದ. ಹೇಳಬೇಕಾದದ್ದನ್ನೂ ಹೇಳಿದ. ಮಗಳು ನನ್ನ ಮನೆಗೆ ಬಂದು ಗೋಡೆಗೊರಗಿ ಕೂತಳು. "ಬಸ್ಸಿನಾಗ ಹೇಳ್ಲಿಲ್ರಿ. ಮಂದಿ ಇದ್ರಂತ. ಇಳಿದ ಮ್ಯಾಲ ಹೇಳಿದ" ಅಂದಳು. ಆಮೇಲೆ, "ಅವತ್ತು ಬಸ್ಸಿನಾಗ ನಾನು ಅಷ್ಟು ಅಂದ್ರೂ ಅವ್ವ ಉಂಡಿ ಡಬ್ಬಿ ಬಿಚ್ಚಿ ನನಗ ತಿನ್ನಾಕ ಕೊಟ್ಲಲ್ರಿ" ಅಂದು ಅತ್ತಳು.

ವರ್ಷದ ದಿನ ಅವಳ ಮನೆಯಲ್ಲಿ ಊಟ. ಮತ್ತೆ ಅದೇ ಹಿರಿಯಾಕೆ, ಎಲೆಯ ಮುಂದೆ ಕೂತು ಅದೇ ಮಾತು: ಬಂಗಾರದಂಥ ಹೆಣ್ಣುಮಗಳು, ಹಟ ಒಂದು ಇರಬಾರದಿತ್ತು. ಮಗಳು ಹುಗ್ಗಿ ಬಡಿಸುತ್ತಿದ್ದಳು. ಸೌಟನ್ನು ಪಾತ್ರೆಯಲ್ಲಿಟ್ಟು ಅಪ್ಪನ ಕಡೆ ತಿರುಗಿದಳು.

"ಅಪ್ಪಾ, ಹೇಳು."

ಅವನು ಹೆದರಿದ ಕಣ್ಣಿನಿಂದ ಗೋಡೆಗೊರಗಿ ಕೂತಿದ್ದ ತನ್ನ ತಾಯಿಯನ್ನು ನೋಡಿದ. ಮುದುಕಿಗೆ ಎಂಬತ್ತರ ಹತ್ತಿರ, ಕಿವಿ ಇನ್ನೂ ಚುರುಕು. ಮಗಳು ಅಲ್ಲಾಡಲಿಲ್ಲ.

"ಕೊರತಿ ನನ್ನದಿತ್ತು" ಅಂದ. "ಆಕಿದಲ್ಲ."

ಇಷ್ಟೇ. ಅವಳು ಕೇಳಿದ್ದು ಇದೊಂದೇ ಮಾತು. ಹೇಳಲು ಒಂದು ತುತ್ತು ನುಂಗುವಷ್ಟು ಹೊತ್ತೂ ಹಿಡಿಯಲಿಲ್ಲ. ಇದನ್ನು ಆಗ ಹೇಳಿದ್ದರೆ ಅವಳು ಬೆಂಗಳೂರಿನ ಬಸ್ಸು ಹತ್ತುತ್ತಿದ್ದಳು. ಕೂಸು ಆಗುತ್ತಿತ್ತೋ ಇಲ್ಲವೋ, ಹತ್ತಂತೂ ಹತ್ತುತ್ತಿದ್ದಳು.

ಎಲ್ಲರೂ ಮುದುಕಿಯನ್ನೇ ನೋಡುತ್ತಿದ್ದರು. ಅವಳ ಎದೆ ಒಡೆಯಲಿಲ್ಲ. ಬಾಯಲ್ಲಿದ್ದದ್ದನ್ನು ನುಂಗಿ, ನೀರು ಕುಡಿದು, "ನನಗ ಗೊತ್ತಿತ್ತು" ಅಂದಳು. "ಮಂಗನಬಾವು ಕೆಳಗಿಳಿದಾಗ ಆರೈಕಿ ಮಾಡಿದಾಕಿ ನಾನಾ ಅಲ್ಲೇನು? ಅದು ಕೆಳಗಿಳಿದ್ರ ಮುಂದ ಮಕ್ಕಳಾಗಂಗಿಲ್ಲ ಅಂತ ನಮ್ಮವ್ವ ಹೇಳ್ತಿದ್ಲು."

ಅವನು ಯಾರಿಗೆ ಗೊತ್ತಾಗಬಾರದೆಂದು ಹೆಂಡತಿಯ ಜೀವಮಾನವನ್ನೇ ಅಡ್ಡ ಇಟ್ಟಿದ್ದನೋ, ಆ ತಾಯಿಗೆ ಎಲ್ಲರಿಗಿಂತ ಮೊದಲೇ ಗೊತ್ತಿತ್ತು.

ಮಗಳು ಅಜ್ಜಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. "ಗೊತ್ತಿದ್ದೂ ನಮ್ಮವ್ವನ ಉಡಿಯಾಗ ಆ ಕಲ್ಲು ಯಾಕ ಹಾಕ್ತಿದ್ದಿ ಅಜ್ಜಿ?"

ಮುದುಕಿ ಮೊಮ್ಮಗಳನ್ನು ನೋಡಿದಳು. ಆ ಮುಖದಲ್ಲಿ ನಾಚಿಕೆ ಇರಲಿಲ್ಲ. ಪ್ರಶ್ನೆಯೇ ಅರ್ಥವಾಗದ ಹಾಗಿತ್ತು.

"ಮತ್ತ ಯಾರ ಉಡಿಯಾಗ ಹಾಕಬೇಕಿತ್ತವ್ವಾ?"

ಅದಕ್ಕೆ ಉತ್ತರವನ್ನು ನನ್ನ ಗೆಳತಿ ಎಷ್ಟೋ ವರ್ಷದ ಹಿಂದೆ, ಎದುರುಮನೆಯ ಅಂಗಳದಲ್ಲಿ, ಎಲ್ಲರ ಕಣ್ಣೆದುರಿಗೇ ಕೊಟ್ಟಿದ್ದಳು.